ಗದ್ವಾಲದ ಒಲೆಯ ಮೇಲೆ ಇಂಗ್ಲೆಂಡಿನ ಪುಡಿಂಗ್

ರಾಯಚೂರಿನಿಂದ ಮೆಹಬೂಬ್‌ನಗರದ ದಾರಿ ಹಿಡಿದು ಕೃಷ್ಣಾ ನದಿಯ ಸೇತುವೆ ದಾಟಿದರೆ ತೆಲಂಗಾಣ. ಅಂಗಡಿಗಳ ಫಲಕಗಳು ತೆಲುಗಿಗೆ ತಿರುಗುತ್ತವೆ; ಚಹಾ ಅಂಗಡಿಯ ಕಟ್ಟೆಯ ಮೇಲಿನ ಮಾತು ಮಾತ್ರ ಇನ್ನೂ ಸ್ವಲ್ಪ ದೂರ ಕನ್ನಡದಲ್ಲೇ ನಡೆಯುತ್ತದೆ. 1956ರಲ್ಲಿ ರಾಜ್ಯಗಳ ಪುನರ್‌ವಿಂಗಡಣೆ ಆಗುವವರೆಗೆ ಗದ್ವಾಲ ತಾಲೂಕು ರಾಯಚೂರು ಜಿಲ್ಲೆಯಲ್ಲೇ ಇತ್ತು. ಯಾದಗಿರಿ ಜಿಲ್ಲೆಯ ಸೈದಾಪುರದ ರೈಲು ನಿಲ್ದಾಣಕ್ಕೆ ಬಹುಕಾಲ 'ನಾರಾಯಣಪೇಟ್ ರೋಡ್' ಎಂದೇ ಹೆಸರಿತ್ತು. ಗಡಿಯ ಗೆರೆ ಬಿದ್ದರೂ ಹೆಣ್ಣು ಕೊಡುವುದು, ತರುವುದು ನಿಂತಿಲ್ಲ.

ಕಳೆದ ಡಿಸೆಂಬರಿನಲ್ಲಿ ನಾವು ಗದ್ವಾಲದ ಬೀಗರ ಮನೆಗೆ ಹೊರಟಿದ್ದೆವು. ಅವರ ಮಗಳು ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಆ ವರ್ಷವೂ ಹಬ್ಬಕ್ಕೆ ರಜೆ ಸಿಕ್ಕಿರಲಿಲ್ಲ. "ಅಲ್ಲಿ ನನ್ನ ಮಗಳು ಹಬ್ಬದ ದಿನ ಏನು ತಿನ್ನುತ್ತಾಳೋ, ಅದನ್ನು ನಾನೂ ಒಮ್ಮೆ ತಿಂದು ನೋಡಬೇಕು" ಎಂದಿದ್ದರು ತಾಯಿ. ಮಗಳು ಸ್ಪಾಂಜ್ ಪುಡಿಂಗ್ ಮಾಡುವ ವಿಧಾನವನ್ನು ಫೋನಿನಲ್ಲಿ ನನ್ನ ಹೆಂಡತಿಗೆ ಹೇಳಿದಳು. ಅದನ್ನು ಬರೆದುಕೊಂಡ ಚೀಟಿ ನಮ್ಮ ಚೀಲದಲ್ಲಿತ್ತು.

ಮಕ್ತಲ್‌ನ ಕಿರಾಣಿ ಅಂಗಡಿಯಲ್ಲಿ ಮೈದಾ, ಬೆಣ್ಣೆ, ಬೇಕಿಂಗ್ ಪೌಡರ್, ಕಸ್ಟರ್ಡ್ ಪುಡಿ, ಒಳ್ಳೆಯ ಕಂದು ಬೆಲ್ಲ ಎಲ್ಲವೂ ಸಿಕ್ಕಿತು. ಅಲ್ಲಿಂದ ಬಳಸು ದಾರಿಯಾದರೂ ನಾರಾಯಣಪೇಟೆಗೆ ಹೋಗಿ ಬೀಗಿತ್ತಿಗೆ ಚೌಕಳಿಯ ಸೀರೆ ಕೊಂಡೆವು. 2019ರಲ್ಲಿ ಜಿಲ್ಲಾ ಕೇಂದ್ರವಾದ ಈ ಊರಿನ ಮಗ್ಗದ ಸೀರೆಗೆ ನಮ್ಮ ಕಡೆಯೂ ಗಿರಾಕಿಗಳು ಬಹಳ. ಗದ್ವಾಲದವರಿಗೆ ನಾರಾಯಣಪೇಟೆ ಸೀರೆ ಒಯ್ಯುವುದು ಸ್ವಲ್ಪ ಧೈರ್ಯದ ಕೆಲಸವೇ! ಹತ್ತಿಯ ಒಡಲಿಗೆ ರೇಷ್ಮೆಯ ಅಂಚು, ಸೆರಗು ಕೂಡಿಸುವ ಅವರ ಸೀರೆ ಅದಕ್ಕಿಂತ ಹೆಸರುವಾಸಿ.

ಮರಳಿ ಮಕ್ತಲ್‌ಗೆ ಬಂದು, ಅಮರಚಿಂತ ಹಾದು, ಜೂರಾಲ ಅಣೆಕಟ್ಟೆಯ ಮೇಲಿನ ರಸ್ತೆಯಲ್ಲಿ ಕೃಷ್ಣೆಯನ್ನು ದಾಟಿದೆವು. ಅಲ್ಲಿ ಕರಿದ ಮೀನಿನ ವಾಸನೆಗೆ ಗಾಡಿ ತಾನಾಗಿಯೇ ನಿಲ್ಲುತ್ತದೆ. ಹಳೆಯ ಪಾಲಮೂರು ಜಿಲ್ಲೆಯ ಕೂಲಿಕಾರರು ದೂರದೂರದ ಅಣೆಕಟ್ಟೆ, ಕಾಲುವೆ, ರಸ್ತೆಗಳಿಗೆ ಮಣ್ಣು ಹೊತ್ತವರು. ಮನೆಯವರು ದೂರ ಹೋಗಿ ದುಡಿಯುವುದು, ಊರಿನಲ್ಲಿ ಉಳಿದವರು ಹಬ್ಬಕ್ಕೆ ದಾರಿ ಕಾಯುವುದು ಈ ನೆಲಕ್ಕೆ ಹೊಸದಲ್ಲ.

ಗದ್ವಾಲದ ಕೋಟೆಯೊಳಗೆ ಈಗ ಚೆನ್ನಕೇಶವ ಗುಡಿಯೂ ಇದೆ, ಕಾಲೇಜೂ ಇದೆ. ಅದನ್ನು ನೋಡಿಕೊಂಡು ಮನೆ ಸೇರಿದಾಗ ಬೀಗಿತ್ತಿಯ ಮೊದಲ ಮಾತು, "ನಮ್ಮಲ್ಲಿ ಓವನ್ ಇಲ್ಲವಲ್ಲ!"

ಓವನ್ ಬೇಕಿಲ್ಲ ಎಂಬುದೇ ಈ ಪುಡಿಂಗಿನ ದೊಡ್ಡಗುಣ. ಹಿಂದೆ ಇಂಗ್ಲೆಂಡಿನ ಬಡವರ ಮನೆಗಳಲ್ಲೂ ಓವನ್ ಇರುತ್ತಿರಲಿಲ್ಲ. ಒಂದೇ ಒಲೆ, ಒಂದೇ ದೊಡ್ಡ ಪಾತ್ರೆ. ಹಿಟ್ಟನ್ನು ಬಟ್ಟೆಯಲ್ಲಿ ಕಟ್ಟಿ ಕುದಿಯುವ ನೀರಿಗೆ ಬಿಡುತ್ತಿದ್ದರು. ಮುಂದೆ ಬಟ್ಟಲಿನಲ್ಲಿಟ್ಟು ಆವಿಯಲ್ಲಿ ಬೇಯಿಸತೊಡಗಿದರು. ನಮ್ಮ ತಾಯಂದಿರು ಕಡಬು ಬೇಯಿಸುವುದೂ ಹೀಗೆಯೇ ಅಲ್ಲವೇ?

ಮಾಡುವ ಕ್ರಮ ಹೀಗಿದೆ. 125 ಗ್ರಾಂ ಬೆಣ್ಣೆ, 125 ಗ್ರಾಂ ಸಕ್ಕರೆ ಬೆಳ್ಳಗೆ ಹಗುರಾಗುವವರೆಗೆ ತಿಕ್ಕಿರಿ. ಎರಡು ಮೊಟ್ಟೆಗಳನ್ನು ಒಂದೊಂದಾಗಿ ಸೇರಿಸಿ. 125 ಗ್ರಾಂ ಮೈದಾಕ್ಕೆ ಒಂದೂವರೆ ಚಹಾ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು ಹಾಕಿ ಜರಡಿ ಹಿಡಿದು, ಎರಡು ಚಮಚ ಹಾಲಿನೊಂದಿಗೆ ಮೆಲ್ಲಗೆ ಬೆರೆಸಿ. ಒಂದು ಲೀಟರ್ ಹಿಡಿಸುವ ಸ್ಟೀಲ್ ಡಬ್ಬಿಗೆ ಬೆಣ್ಣೆ ಸವರಿ, ತಳಕ್ಕೆ ಮೂರು ದೊಡ್ಡ ಚಮಚ ಗಟ್ಟಿ ಬೆಲ್ಲದ ಪಾಕ ಸುರಿದು, ಮೇಲೆ ಹಿಟ್ಟು ಹಾಕಿ. ಬೆಣ್ಣೆ ಸವರಿದ ಕಾಗದವನ್ನು ನಡುವೆ ಒಂದು ಮಡಿಕೆ ಕೊಟ್ಟು ಮುಚ್ಚಿ, ದಾರದಿಂದ ಬಿಗಿಯಿರಿ. ಪುಡಿಂಗ್ ಉಬ್ಬಲು ಆ ಮಡಿಕೆ ಬೇಕು. ದೊಡ್ಡ ಪಾತ್ರೆಯಲ್ಲಿ ಡಬ್ಬಿಯ ಅರ್ಧದವರೆಗೆ ನೀರಿರಲಿ. ಸಣ್ಣ ಉರಿಯಲ್ಲಿ ಒಂದೂವರೆ ತಾಸು ಬೇಯಲಿ. ಮೊದಲ ಅರ್ಧ ತಾಸು ಮುಚ್ಚಳ ತೆಗೆಯಬೇಡಿ. ನೀರು ಇಂಗಿದರೆ ಬಿಸಿನೀರನ್ನೇ ಹಾಕಿ.

ಸಾಸಿಗೆ ಅರ್ಧ ಲೀಟರ್ ಹಾಲು, ಎರಡು ದೊಡ್ಡ ಚಮಚ ಕಸ್ಟರ್ಡ್ ಪುಡಿ, ಮೂರು ಚಮಚ ಸಕ್ಕರೆ ಸಾಕು. ಪುಡಿಯನ್ನು ತಣ್ಣನೆಯ ಹಾಲಿನಲ್ಲಿ ಕಲಸಿ ಕುದಿಯುವ ಹಾಲಿಗೆ ಹಾಕಿ ತಿರುವಿ. ಈ ಪುಡಿಗೂ ಒಂದು ಕಥೆಯಿದೆ. ಬರ್ಮಿಂಗ್‌ಹ್ಯಾಮಿನ ಔಷಧ ವ್ಯಾಪಾರಿ ಆಲ್ಫ್ರೆಡ್ ಬರ್ಡ್ ಎಂಬುವರ ಹೆಂಡತಿಗೆ ಮೊಟ್ಟೆ ಒಗ್ಗುತ್ತಿರಲಿಲ್ಲ. ಅವರಿಗಾಗಿ 1837ರಲ್ಲಿ ಮೆಕ್ಕೆಜೋಳದ ಪಿಷ್ಟದಿಂದ ಮೊಟ್ಟೆಯಿಲ್ಲದ ಕಸ್ಟರ್ಡ್ ಮಾಡಿದರು. ಹೆಂಡತಿಯ ಮೇಲಿನ ಅಕ್ಕರೆ ಲೋಕಕ್ಕೆಲ್ಲ ಸಿಹಿಯಾಯಿತು!

ಸಂಜೆ ಆರಕ್ಕೆ ಡಬ್ಬಿ ತಟ್ಟೆಯ ಮೇಲೆ ಬೋರಲಾಯಿತು. ಹಳದಿ ಪುಡಿಂಗಿನ ನೆತ್ತಿಯಿಂದ ಬೆಲ್ಲದ ಪಾಕ ಇಳಿಯಿತು. ಇಂಗ್ಲೆಂಡಿನಲ್ಲಿ ಆಗ ಮಧ್ಯಾಹ್ನ ಹನ್ನೆರಡೂವರೆ. ಮಗಳು ಊಟದ ವೇಳೆಯಲ್ಲಿ ಫೋನಿನ ಪರದೆಯ ಮೇಲೆ ಬಂದಳು. ತಾಯಿ ಒಂದು ಚಮಚ ಬಾಯಿಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಹೈದರಾಬಾದಿನ ಕಡೆ ಬ್ರೆಡ್ಡನ್ನು ತುಪ್ಪದಲ್ಲಿ ಕರಿದು, ಹಾಲು ಸಕ್ಕರೆಯಲ್ಲಿ ನೆನೆಸಿ ಮಾಡುವ ಡಬಲ್ ಕಾ ಮೀಠಾ ಅವರಿಗೆ ಚೆನ್ನಾಗಿ ಗೊತ್ತು. "ಅದಕ್ಕಿಂತ ಮೆತ್ತಗಿದೆ, ಹಲ್ಲಿಲ್ಲದವರೂ ತಿನ್ನಬಹುದು" ಎಂದರು. ಆಮೇಲೆ ಮಗಳ ಕಡೆ ತಿರುಗಿ, "ಅಲ್ಲಿ ಬಿಸಿಯಾಗಿ ತಿನ್ನುತ್ತೀಯೋ, ಆರಿದ್ದನ್ನೋ?" ಎಂದು ಕೇಳಿದರು. ಆ ಹುಡುಗಿಗೆ ಕೂಡಲೇ ಉತ್ತರ ಕೊಡಲಾಗಲಿಲ್ಲ.

ನಿಮ್ಮ ಮನೆಯಿಂದಲೂ ಯಾರಾದರೂ ದೂರ ಹೋಗಿದ್ದರೆ, ಅವರು ಅಲ್ಲಿ ಏನು ಉಣ್ಣುತ್ತಾರೆಂದು ಕೇಳಿ ಇಲ್ಲಿ ಒಮ್ಮೆ ಮಾಡಿ ನೋಡಿ. ಪುಡಿಂಗ್ ಉಳಿದರೆ ಚಿಂತೆಯಿಲ್ಲ. ಮರುದಿನ ಇಪ್ಪತ್ತು ನಿಮಿಷ ಆವಿಯಲ್ಲಿಟ್ಟರೆ ಮತ್ತೆ ಮೆತ್ತಗಾಗುತ್ತದೆ.