ಹಿರಿಯರ ಸ್ಮರಣೆ

ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಅರಣ್ಯಪ್ರಾಂತದಲ್ಲಿ ವಾಸಿಸುವ ಸಿದ್ದಿ ಜನರ ವಿಷಯವನ್ನು ವಾಚಕರು ಕೇಳಿರಬಹುದು. ಇವರ ಪೂರ್ವಿಕರು ಆಫ್ರಿಕಾಖಂಡದವರು. ಪೋರ್ತುಗೀಸರ ಗೋವೆಗೆ ಗುಲಾಮರಾಗಿ ತರಲ್ಪಟ್ಟು, ಅಲ್ಲಿಂದ ತಪ್ಪಿಸಿಕೊಂಡೋ ಬಿಡುಗಡೆ ಹೊಂದಿಯೋ ಘಟ್ಟದ ಕಾಡನ್ನು ಸೇರಿದವರು ಅವರಲ್ಲಿ ಅನೇಕರು. ಮೂಲದ ನುಡಿ ಮರೆತುಹೋಯಿತು. ಹಿಂದೂ, ಕ್ರೈಸ್ತ, ಮುಸಲ್ಮಾನರೆಂದು ಮತಗಳೂ ಬೇರೆಯಾದವು. ಆದರೂ ಡಮಾಮಿಯ ಕುಣಿತವೂ 'ಹಿರಿಯರು' ಎಂಬ ಪೂರ್ವಿಕರ ಪೂಜೆಯೂ ಅಳಿಯಲಿಲ್ಲ.

ಸಾಗರದಾಚೆಯ ಹೈಟಿ ದೇಶದ ವೃತ್ತಾಂತವೂ ಇಂಥದೇ. ಕಬ್ಬಿನ ತೋಟಗಳ ದುಡಿಮೆಗಾಗಿ ದಹೋಮಿ, ಕಾಂಗೋ ಮುಂತಾದ ಸೀಮೆಗಳಿಂದ ಜನರನ್ನು ಹಿಡಿದುತಂದರು. 1685ರ ಫ್ರೆಂಚ್ ರಾಜಶಾಸನವು ಗುಲಾಮರೆಲ್ಲರಿಗೂ ಕ್ರೈಸ್ತದೀಕ್ಷೆಯನ್ನು ವಿಧಿಸಿತು. ಆದರೆ ದಹೋಮಿಯ ಫೋನ್ ಭಾಷೆಯಲ್ಲಿ ದೇವತೆಯೆಂಬ ಅರ್ಥವುಳ್ಳ 'ವೋದುನ್' ಶಬ್ದವು ಅವರ ಮತಕ್ಕೇ ಹೆಸರಾಗಿ ನಿಂತಿತು. ಅಲ್ಲಿ ವಾದ್ಯದ ಗತಿಯೇ ಆವಾಹನ. ಗತಿ ಬದಲಾದರೆ ನೃತ್ಯವೂ ಬದಲು, ಕರೆಯಲ್ಪಡುವ ದೇವತೆಯೂ ಬದಲು. ಇದನ್ನು ಬರಿಯ ಮಾಟವೆಂದು ಹಳಿದವರು ಬಹುಮಂದಿ. ಆ ಜನರೇ 1791ರಲ್ಲಿ ದಂಗೆಯೆದ್ದು, 1804ರಲ್ಲಿ ಸ್ವತಂತ್ರರಾದರು.

ಇವರಾರಿಗೂ ಗ್ರಂಥವಿರಲಿಲ್ಲ, ಕೂಡಿ ಹಾಡಿದ್ದು, ಕೂಡಿ ಕುಣಿದದ್ದೇ ಶಾಸ್ತ್ರವಾಯಿತು. ತೊಂಡೇಬಾವಿಯ ನಮ್ಮ ಮನೆಯಲ್ಲಾದರೋ ಗ್ರಂಥಗಳಿಗೆ ಕೊರತೆಯಿಲ್ಲ. ಆದರೆ ಪಿತೃ, ಪಿತಾಮಹ, ಪ್ರಪಿತಾಮಹರ ನಾಮಗಳನ್ನು ಹೇಳಿ ತರ್ಪಣ ಬಿಡಬಲ್ಲವರು ಈಗ ನಾವೊಬ್ಬರೇ. ಪಟ್ಟಣದಲ್ಲಿ ಬೆಳೆಯುತ್ತಿರುವ ಮೊಮ್ಮಕ್ಕಳಿಗೆ ಗೋತ್ರವೂ ತಿಳಿಯದು. ಹೆಸರುಗಳನ್ನು ಬರೆದಿಟ್ಟು ಹೋದರೆ ಸಾಲದೆಂಬುದು ಸಿದ್ದಿಯರಿಂದ ನಮಗೆ ದೊರೆತ ಪಾಠ. ಈ ರಜೆಯಲ್ಲಿ ಮೊಮ್ಮಕ್ಕಳನ್ನು ಸಂಜೆ ದೀಪ ಹಚ್ಚಿದ ಮೇಲೆ ಕೂರಿಸಿಕೊಂಡು, ಒಂದೊಂದೇ ಹೆಸರನ್ನು ಕತೆಯೊಡನೆ ಬಾಯಲ್ಲಿ ಹೇಳಿಸುವೆವು. ಸಂಕೋಲೆ ತೊಟ್ಟವರು ಕಾಪಾಡಿದುದನ್ನು ಸುಖವಾಗಿರುವ ನಾವು ಕಳೆಯಬಹುದೆ?