ಸೂರು ನೋಡುವ ಸುಖ

ಯಾವ ಹಳೆಯ ಕಟ್ಟಡದ ಮುಂದೆ ನಿಂತರೂ ನನ್ನ ಕಣ್ಣು ಮೊದಲು ಹೋಗುವುದು ಸೂರಿಗೆ. ಬಾಗಿಲುವಾಡ, ಕೆತ್ತನೆ, ಶಿಖರ ಎಲ್ಲ ಆಮೇಲೆ. ಮಾಡು ಗೋಡೆಯಿಂದ ಎಷ್ಟು ಮುಂದಕ್ಕೆ ಚಾಚಿದೆ, ಅದರ ಭಾರ ಹೊತ್ತದ್ದು ಯಾವ ತೊಲೆ, ಸೂರಿನ ನೀರು ಎಲ್ಲಿ ಬೀಳುತ್ತದೆ ಎಂದು ನೋಡುತ್ತಾ ಹೋದರೆ ಕಟ್ಟಿದವರ ಜೊತೆ ಮಾತಾಡಿದಷ್ಟೇ ಸಂತೋಷ. ಮಲೆನಾಡಿನ ಮಳೆಯಲ್ಲಿ ಬೆಳೆದವಳಿಗೆ ಈ ಹುಚ್ಚು ಹತ್ತಿದ್ದರಲ್ಲಿ ಆಶ್ಚರ್ಯವಿಲ್ಲ. ಅದು ನನ್ನನ್ನು ಕರೆದೊಯ್ದ ಅತಿ ಚೆಂದದ ದಾರಿ ರೊಮೇನಿಯಾದ ಉತ್ತರದಲ್ಲಿದೆ: ಮಾರಾಮುರೇಷ್ ಸೀಮೆಯ ಮರದ ಚರ್ಚುಗಳಿಂದ ಹೊರಟು, ಘಟ್ಟ ದಾಟಿ, ಬುಕೊವಿನಾದ ಬಣ್ಣದ ಮಠಗಳವರೆಗೆ.

ಮಾರಾಮುರೇಷ್ ಹಿಂದೆ ಹಂಗೇರಿಯ ದೊರೆಗಳ ಆಳ್ವಿಕೆಯಲ್ಲಿತ್ತು. ಅಲ್ಲಿನ ಆರ್ಥೊಡಾಕ್ಸ್ ರೈತರಿಗೆ ಕಲ್ಲಿನ ಚರ್ಚು ಕಟ್ಟಲು ಅಪ್ಪಣೆಯಿರಲಿಲ್ಲ. ಕೈಯಳತೆಯಲ್ಲಿ ಕಾಡಿತ್ತು, ತಲೆಮಾರುಗಳಿಂದ ಬಂದ ಬಡಗಿ ವಿದ್ಯೆಯಿತ್ತು. ಓಕ್ ಮತ್ತು ಫರ್ ಮರದ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ, ಮೂಲೆಯಲ್ಲಿ ಒಂದಕ್ಕೊಂದು ಕಚ್ಚು ಕೊಟ್ಟು, ಮರದ ಗೂಟ ಬಡಿದು ಅವರು ಎಬ್ಬಿಸಿದ ಚರ್ಚುಗಳಲ್ಲಿ ಎಂಟು 1999ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು. 1717ರ ತಾತಾರರ ದಾಳಿಯಲ್ಲಿ ಬೂದಿಯಾದವೂ ಹಲವು. ಊರವರು ಮತ್ತೆ ಕಾಡಿಗೆ ಹೋಗಿ ಮರ ತಂದರು.

ಷುರ್ದೆಷ್ಟ್ ಎಂಬ ಹಳ್ಳಿಯದು 72 ಮೀಟರ್ ಎತ್ತರದ ಚರ್ಚು. ಅದರ ಒಳಗೆ ನಿಂತರೆ ನಮ್ಮ ಕಡೆಯ ಜಗಲಿಯಷ್ಟೇ ಜಾಗ. ಗೋಪುರ ಮಾತ್ರ ಮೈಲಿ ದೂರದಿಂದಲೇ ಕಾಣುತ್ತದೆ. ಎಲ್ಲರೂ ಆ ಗೋಪುರ ನೋಡಲು ಕತ್ತೆತ್ತುತ್ತಾರೆ. ನಾನು ಸೂರಿನ ಕೆಳಗೆ ನಡೆದಾಡಿದೆ. ಅಲ್ಲಿ ಸೂರು ಎರಡು ಅಂತಸ್ತು. ಕೆಳಗಿನದು ದಿಮ್ಮಿಯ ಗೋಡೆಯನ್ನು ಸುತ್ತಲೂ ಆವರಿಸಿ ಕಾಯುತ್ತದೆ, ಅದಕ್ಕೂ ಮೇಲಿನದಕ್ಕೂ ನಡುವಿನ ಸಣ್ಣ ಕಿಟಕಿಗಳಿಂದ ಒಳಗೆ ಬೆಳಕು ಇಳಿಯುತ್ತದೆ. ಗೊರಬು ಹೊದ್ದು ಗದ್ದೆಯಲ್ಲಿ ನಿಂತ ಹೆಂಗಸಿನ ಹಾಗೆ, ಎಂಥ ಮಳೆ ಹೊಡೆದರೂ ಮೈ ಒಣಗಿಯೇ ಇರುತ್ತದೆ. ಗೋಡೆಯ ನಡುವಿನಲ್ಲಿ ಹುರಿ ಹೊಸೆದ ಹಗ್ಗವೊಂದನ್ನು ಮರದಲ್ಲೇ ಕೆತ್ತಿ ಸುತ್ತಿದ್ದಾರೆ.

ಮಾಡಿಗೆ ಹೊದೆಸಿದ್ದು ಮರದ ಬಿಲ್ಲೆಗಳು. ಎಳೆಯ ಗುಂಟ ಸೀಳಿದ ಬಿಲ್ಲೆಯಾದರೆ ನೀರು ಎಳೆ ಹಿಡಿದು ಜಾರಿಹೋಗುತ್ತದೆ; ಗರಗಸ ಎಳೆಯನ್ನು ಅಡ್ಡ ಕಡಿದರೆ ಅಲ್ಲೇ ನೀರು ಹೀರಿ ಕೊಳೆಯಲು ಶುರು. ಬಿಲ್ಲೆ ಎಷ್ಟೇ ಚೆನ್ನಾಗಿದ್ದರೂ ಒಂದಷ್ಟು ವರ್ಷಗಳಿಗೆ ಸವೆಯುತ್ತದೆ, ಬದಲಿಸಬೇಕಾಗುತ್ತದೆ. ಹೊಸದು ಜೇನಿನ ಬಣ್ಣ, ಹಳೆಯದು ಬೂದಿ. ಒಂದೇ ಮಾಡಿನ ಮೇಲೆ ಎರಡೂ ಬಣ್ಣ ಕಂಡಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತಿತ್ತು: ಈ ಊರಿನಲ್ಲಿ ಇನ್ನೂ ಯಾರೋ ಏಣಿ ಹತ್ತುತ್ತಿದ್ದಾರೆ.

ನನ್ನ ಮನಸ್ಸು ಪೂರ್ತಿ ಸೋತದ್ದು ರೊಗೋಜ್ ಹಳ್ಳಿಯಲ್ಲಿ. 1663ರ ಆ ಚರ್ಚಿನ ಮಾಡು ಎರಡೂ ಕಡೆ ಸಮನಾಗಿಲ್ಲ. ಉತ್ತರದ ಕಡೆ ಸೂರನ್ನು ಬೇಕೆಂದೇ ಉದ್ದ ಬಿಟ್ಟಿದ್ದಾರೆ. ಅದರಡಿ ಒಂದು ನೀಳ ಮೇಜು. ಹಿರಿಯರ ನೆನಪಿಗೆ ಊರವರು ಕೂಡಿ ಉಣ್ಣುವ ಜಾಗ ಅದು. ದಿಮ್ಮಿಗಳ ತುದಿಗಳನ್ನು ಗೋಡೆಯಾಚೆಗೂ ಬೆಳೆಸಿ, ಕುದುರೆಯ ತಲೆಗಳಾಗಿ ಕಡೆದು, ಅವುಗಳ ಮೇಲೆ ಆ ಸೂರನ್ನು ಹೊರಿಸಿದ್ದಾರೆ. ಸತ್ತವರಿಗೆಂದು ಹಾಕಿದ ಮೇಜಿನ ಮೇಲೆ ಮಳೆ ಬೀಳಬಾರದು ಎಂದು ಇಡೀ ಕಟ್ಟಡದ ಸಮತೋಲವನ್ನೇ ಒಂದು ಕಡೆಗೆ ವಾಲಿಸಿದ ಬಡಗಿಯನ್ನು ನಾನು ದೊಡ್ಡ ಶಿಲ್ಪಿಗಳ ಸಾಲಿನಲ್ಲಿಡುತ್ತೇನೆ.

ಈ ಚರ್ಚುಗಳಿಗೆ ಬೀಗ ಹಾಕಿರುವುದೇ ಹೆಚ್ಚು. ಪಕ್ಕದ ಮನೆಯ ಅಜ್ಜಿ ತಲೆಗೆ ಕಟ್ಟಿದ ಬಟ್ಟೆ ಸರಿಮಾಡಿಕೊಳ್ಳುತ್ತಾ ಬೀಗದಕೈ ಹಿಡಿದು ಬರುತ್ತಾರೆ. ಪೊಯೆನಿಲೆ ಇಜೆಯ್ ಎಂಬಲ್ಲಿ ಹಾಗೆ ತೆರೆದ ಕದದಾಚೆ ಕಂಡದ್ದು ನರಕ: ಒಂದೊಂದು ಪಾಪಕ್ಕೆ ಒಂದೊಂದು ಶಿಕ್ಷೆ, ಶಿಕ್ಷಿಸುವ ಸಲಕರಣೆಗಳೆಲ್ಲ ಹಳ್ಳಿಯವರು ದಿನವೂ ಬಳಸುವಂಥವು. ದಿಮ್ಮಿಗಳ ಸಂದಿನ ಮೇಲೆ ನಾರುಬಟ್ಟೆಯ ಪಟ್ಟಿ ಅಂಟಿಸಿ, ಅದರ ಮೇಲೆ ಚಿತ್ರ ಬರೆಯುವುದು ಅಲ್ಲಿನ ಪದ್ಧತಿ. ಟಾರ್ಚನ್ನು ಓರೆಯಾಗಿ ಹಿಡಿದರೆ ಬಟ್ಟೆಯ ಅಂಚು ಕಾಣುತ್ತದೆ.

ಮಾರಾಮುರೇಷ್ ಬಿಟ್ಟು ಪೂರ್ವಕ್ಕೆ ಹೋಗಲು 1416 ಮೀಟರ್ ಎತ್ತರದ ಪ್ರಿಸ್ಲೋಪ್ ಘಟ್ಟ ಹತ್ತಬೇಕು. ತಿರುವು ಮುಗಿಯದ ದಾರಿ. ಇಳಿಯುತ್ತಿದ್ದಂತೆ ಸೀಮೆ ಬದಲಾಗುತ್ತದೆ. ಇದು ಬುಕೊವಿನಾ, ಹಳೆಯ ಮೊಲ್ದಾವಿಯಾದ ಭಾಗ. ಇಲ್ಲಿ ರೊಮೇನಿಯನ್ ಮಾತಾಡುವ ದೊರೆಗಳೇ ಇದ್ದರು, ಕಲ್ಲಿನ ಚರ್ಚು ಕಟ್ಟಲು ಯಾರನ್ನೂ ಕೇಳಬೇಕಿರಲಿಲ್ಲ. ಹದಿನಾರನೆಯ ಶತಮಾನದಲ್ಲಿ, ಹೆಚ್ಚಾಗಿ ಪೆತ್ರು ರಾರೆಷ್ ಎಂಬ ದೊರೆಯ ಕಾಲದಲ್ಲಿ, ಇವರು ಚರ್ಚುಗಳ ಹೊರಗೋಡೆಗಳಿಗೂ ಬುಡದಿಂದ ಸೂರಿನವರೆಗೆ ಚಿತ್ರ ಬರೆಸಿದರು. ಚಳಿಗಾಲವಿಡೀ ಹಿಮ ಬೀಳುವ ನಾಡಿನಲ್ಲಿ ಸುಣ್ಣದ ಗಾರೆಯ ಮೇಲಿನ ಚಿತ್ರಗಳನ್ನು ಬಯಲಿಗೊಡ್ಡುವ ಧೈರ್ಯ ಯಾರಿಗೆ ಬರುತ್ತದೆ? ಅಗಲ ಸೂರಿನ ಮೇಲೆ ಭರವಸೆ ಇದ್ದವರಿಗೆ.

ವೊರೊನೆಟ್ಸ್ ಮಠದ ಚರ್ಚನ್ನು ಸ್ಟೀಫನ್ ಮಹಾರಾಜ 1488ರಲ್ಲಿ ನಾಲ್ಕು ತಿಂಗಳೊಳಗೆ ಕಟ್ಟಿಸಿದ. 1547ರಲ್ಲಿ ಧರ್ಮಗುರು ಗ್ರಿಗೊರೆ ರೋಷ್ಕಾ ಹೊರಗಿನ ಚಿತ್ರಗಳನ್ನು ಬರೆಸಿದ. ಪಶ್ಚಿಮದ ಗೋಡೆಯಲ್ಲಿ ಒಂದು ಕಿಟಕಿಯೂ ಇಲ್ಲ. ಅದರ ಅಷ್ಟಗಲಕ್ಕೂ ಕಡೆಯ ತೀರ್ಪಿನ ದಿನ. ಮೇಲೆ ದೇವದೂತರು ರಾಶಿಚಕ್ರ ಬರೆದ ಆಕಾಶವನ್ನು ಚಾಪೆಯಂತೆ ಸುತ್ತಿಡುತ್ತಿದ್ದಾರೆ. ಕ್ರಿಸ್ತನ ಪಾದದಿಂದ ಬೆಂಕಿಯ ಹೊಳೆ ಕೆಂಪಗೆ ಹರಿಯುತ್ತದೆ. ತೀರ್ಪಿಗೆ ಕಾದು ನಿಂತವರಲ್ಲಿ ರುಮಾಲು ಸುತ್ತಿದ ತುರ್ಕರೂ ಇದ್ದಾರೆ. ಆ ಕಾಲದ ಮೊಲ್ದಾವಿಯಾದವರು ಯಾರಿಗೆ ಹೆದರುತ್ತಿದ್ದರು ಎಂಬುದು ಗೋಡೆಯಲ್ಲೇ ಇದೆ. ಸತ್ತವರನ್ನು ಎಬ್ಬಿಸಲು ದೇವದೂತರು ಊದುವುದು ಆ ಬೆಟ್ಟಗಳ ಕುರಿಗಾಹಿಗಳ ಉದ್ದ ಕಹಳೆಯನ್ನು. ಕೆಳಗೊಂದು ಮೂಲೆಯಲ್ಲಿ ಕಾಡುಮೃಗಗಳು ತಾವು ತಿಂದ ಮನುಷ್ಯರ ಕೈ, ಕಾಲು, ತಲೆಗಳನ್ನು ಬಾಯಲ್ಲಿ ಹಿಡಿದು ಹಿಂದಿರುಗಿಸಲು ಬಂದಿವೆ. ಜಿಂಕೆಯ ಬಾಯಲ್ಲಿ ಮಾತ್ರ ಏನೂ ಇಲ್ಲ.

ಇದೆಲ್ಲದರ ಹಿಂದೆ ಹರಡಿದ ನೀಲಿಗೆ ಆ ಊರಿನದೇ ಹೆಸರು. ತಾಮ್ರದ ಅಂಶವಿರುವ ಅಜುರೈಟ್ ಕಲ್ಲನ್ನು ಅರೆದು ಮಾಡಿದ ಬಣ್ಣ. ಸಂಜೆಯ ಬಿಸಿಲು ನೇರ ಬಿದ್ದಾಗ ಆ ನೀಲಿ ಬೆಳಗಿನದಕ್ಕಿಂತ ಆಳವಾಗಿ ಕಾಣುತ್ತದೆ. ಹೋಗುವವರು ಮಧ್ಯಾಹ್ನದ ಮೇಲೆ ಹೋಗಲಿ. ಆಮೇಲೆ ಸುತ್ತಿ ಉತ್ತರದ ಗೋಡೆಗೂ ಬರಲಿ. ಪ್ರವಾಸಿಗರ ಗುಂಪು ಅಲ್ಲಿ ನಿಲ್ಲುವುದಿಲ್ಲ, ಏಕೆಂದರೆ ಗಾಳಿಮಳೆ ಆ ಚಿತ್ರಗಳನ್ನು ಬಹುಪಾಲು ತೊಳೆದುಹಾಕಿದೆ. ಸೂರಿಗೆ ತೀರ ಹತ್ತಿರದಲ್ಲಿ ಅಷ್ಟಿಷ್ಟು ಬಣ್ಣ ಉಳಿದಿದೆ. ಸೂರಿನ ನೆರಳು ಎಲ್ಲಿಯವರೆಗೆ ಕಾಯಬಲ್ಲದು ಎಂಬುದನ್ನು ಅಳೆಯಲು ಇದಕ್ಕಿಂತ ಸ್ಪಷ್ಟವಾದ ಗೋಡೆ ನಾನು ನೋಡಿಲ್ಲ.

ಹುಮೊರ್ ಮಠದ ಬಣ್ಣ ಕೆಂಪು. ಮೊಲ್ದೊವಿಟ್ಸಾ ಮಠದ ದಕ್ಷಿಣ ಗೋಡೆಯಲ್ಲಿ ಕಾನ್‌ಸ್ಟಾಂಟಿನೋಪಲ್ ಮುತ್ತಿಗೆ: ಪರ್ಷಿಯನ್ನರೂ ಅವಾರರೂ 626ರಲ್ಲಿ ಮುತ್ತಿ ಸೋತ ಕಥೆ ಅದು, ಆದರೆ 1537ರ ಚಿತ್ರಕಾರ ಅವರ ಜಾಗದಲ್ಲಿ ತುರ್ಕರನ್ನೂ ಫಿರಂಗಿಗಳನ್ನೂ ಬರೆದ. ಆ ನಗರ ತುರ್ಕರ ಕೈಸೇರಿ ಆಗಲೇ ಎಂಬತ್ತು ವರ್ಷ ದಾಟಿತ್ತು. ಗೋಡೆಯ ಮೇಲಾದರೂ ಅದನ್ನು ಉಳಿಸಿಕೊಳ್ಳಬೇಕೆನ್ನಿಸಿರಬೇಕು.

ಕೊನೆಗೆ ಸುಚೆವಿಟ್ಸಾ. ಕೋಟೆಯಂಥ ಗೋಡೆಗಳ ನಡುವೆ, ದಟ್ಟ ಹಸಿರು ಹಿನ್ನೆಲೆಯಲ್ಲಿ, ಹದಿನಾರನೆಯ ಶತಮಾನದ ಕೊನೆಯ ಚಿತ್ರಗಳು. ಒಳಗೆ ಕಾಲಿಟ್ಟೊಡನೆ ಎದುರಾಗುವುದು ಉತ್ತರದ ಗೋಡೆಯೇ. ಭೂಮಿಯಿಂದ ಸ್ವರ್ಗಕ್ಕೆ ಓರೆಯಾಗಿ ಒರಗಿಸಿದ ಏಣಿ. ಒಂದು ಕಡೆ ಕೆಂಪು ರೆಕ್ಕೆಯ ದೇವದೂತರು ಸಾಲುಸಾಲು, ಇನ್ನೊಂದು ಕಡೆ ಕಾಲು ಜಾರಿದ ಸನ್ಯಾಸಿಗಳನ್ನು ಎಳೆದುಕೊಳ್ಳುವ ಪಿಶಾಚಿಗಳು. ಬೇರೆ ಮಠಗಳಲ್ಲಿ ಅಳಿಸಿಹೋದ ದಿಕ್ಕು ಇಲ್ಲಿ ಉಳಿದುಕೊಂಡಿದೆ. ನಾನು ತಲೆಯೆತ್ತಿ ನೋಡಿದೆ: ಈ ದಾರಿಯಲ್ಲಿ ಕಂಡ ಸೂರುಗಳಲ್ಲೆಲ್ಲ ಇದು ಭಾರಿ, ಗೋಡೆಯಿಂದ ಅಷ್ಟು ದೂರ ಚಾಚಿದೆ. ಪಶ್ಚಿಮದ ಗೋಡೆ ಮಾತ್ರ ಬರಿದು. ಅಟ್ಟಣಿಗೆಯಿಂದ ಬಿದ್ದು ಚಿತ್ರಕಾರ ಸತ್ತನೆಂದೂ ಆಮೇಲೆ ಯಾರೂ ಅದನ್ನು ಮುಟ್ಟಲಿಲ್ಲವೆಂದೂ ಅಲ್ಲಿನವರು ಹೇಳುತ್ತಾರೆ. ನಾನು ಉತ್ತರಕ್ಕೂ ಪಶ್ಚಿಮಕ್ಕೂ ಮತ್ತೆ ಮತ್ತೆ ನಡೆದಾಡಿದೆ. ಬರೆಯುವ ಮೊದಲು ಆ ಏಣಿಯ ಗೋಡೆ ಹೇಗಿದ್ದಿರಬಹುದು ಎಂಬುದನ್ನು ಈ ಬರಿಗೋಡೆ ತೋರಿಸಿಕೊಡುತ್ತದೆ, ಅದರ ಮೇಲೂ ಅಷ್ಟೇ ಅಗಲದ ಸೂರಿದೆ.