ಸೆರೆಮನೆಯೂ ಮತಪತ್ರವೂ

ಸರ್ಕಾರದ ನೆರವಿನಿಂದ ಬದುಕುವವರಿಗೂ ಅಪರಾಧಿಗಳಿಗೂ ಮತದಾನದ ಹಕ್ಕು ಏಕಿರಬೇಕೆಂಬ ಪ್ರಶ್ನೆ ನಮ್ಮ ಸಮಾಜದ ಹಿರಿಯರ ಮಾತುಗಳಲ್ಲಿ ಆಗಾಗ ಕೇಳಿಬರುತ್ತದೆ. ತೆರಿಗೆ ಕಟ್ಟುವವರು ನಾವು, ಆಳುವವರನ್ನು ಆರಿಸುವವರು ಅವರು ಎಂಬ ನೋವು ಅದರ ಹಿಂದಿದೆ. ವ್ಯಾಪಾರಿ ಮನೆತನದಲ್ಲಿ ಹುಟ್ಟಿದ ನನಗೆ ಆ ನೋವು ಅಪರಿಚಿತವಲ್ಲ. ಆದರೂ ಆ ವಾದವನ್ನು ನಾನು ಒಪ್ಪಲಾರೆ.

ನೆರವಿನ ಮಾತು ಬೇಗ ಮುಗಿಯುವಂಥದು. ಇಂಗ್ಲೆಂಡಿನ ಚಿಂತಕ ಜಾನ್ ಸ್ಟುವರ್ಟ್ ಮಿಲ್ 1861ರಲ್ಲಿ, ಬಡವರ ನಿಧಿಯಿಂದ ಸಹಾಯ ಪಡೆದವರಿಗೆ ಮತ ಬೇಡವೆಂದು ವಾದಿಸಿದ್ದನು. ಆ ದೇಶವೇ 1918ರಲ್ಲಿ ಅಂಥ ನಿರ್ಬಂಧವನ್ನು ಕೈಬಿಟ್ಟಿತು. ನಮ್ಮಲ್ಲಿ 2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ 2000 ರೂಪಾಯಿ ಪಡೆಯುವ ಗೃಹಿಣಿಯೂ ಸಾಬೂನು ಕೊಳ್ಳುವಾಗ ತೆರಿಗೆ ತೆರುತ್ತಾಳೆ. ಸರ್ಕಾರದ ಸಹಾಯಧನ ಪಡೆದ ಕಾರ್ಖಾನೆಯ ಒಡೆಯನ ಮತವನ್ನು ಮಾತ್ರ ಯಾರೂ ಪ್ರಶ್ನಿಸುವುದಿಲ್ಲ! ಆಹಾರದಾನ ಮಾಡಿದ ಶ್ರಾವಕನು ಉಂಡವನ ನಾಲಗೆಯ ಮೇಲೆ ಹಕ್ಕು ಸಾಧಿಸುವುದುಂಟೇ?

ಸೆರೆಯಾಳುಗಳ ವಿಷಯ ಇಷ್ಟು ಸರಳವಲ್ಲ. 1951ರ ಪ್ರಜಾಪ್ರತಿನಿಧಿ ಕಾಯಿದೆಯ 62(5)ನೆಯ ಪ್ರಕರಣದಂತೆ ಕಾರಾಗೃಹದಲ್ಲಿಯೋ ಪೊಲೀಸರ ವಶದಲ್ಲಿಯೋ ಇರುವವರು ಮತ ಹಾಕುವಂತಿಲ್ಲ. ಶಿಕ್ಷೆಯಾಗಿದೆಯೇ ಇಲ್ಲವೇ ಎಂಬುದನ್ನು ಕಾಯಿದೆ ಕೇಳುವುದೇ ಇಲ್ಲ. ಶಿಕ್ಷೆಗೆ ಗುರಿಯಾಗಿಯೂ ಮೇಲ್ಮನವಿ ಸಲ್ಲಿಸಿ ಜಾಮೀನಿನ ಮೇಲೆ ಹೊರಗಿರುವವನು ಮತಗಟ್ಟೆಗೆ ಹೋಗಬಹುದು; ಆರೋಪ ಸಾಬೀತಾಗದೆಯೂ ಜಾಮೀನುದಾರರು ದೊರೆಯದೆ ಒಳಗೇ ಉಳಿದ ಬಡವನು ಹೋಗಲಾರನು. ನಮ್ಮ ದೇಶದ ಕೈದಿಗಳಲ್ಲಿ ನಾಲ್ವರಲ್ಲಿ ಸುಮಾರು ಮೂವರು ಇಂಥ ವಿಚಾರಣಾಧೀನರು. ಹಾಗಾದರೆ ಈ ಕಾಯಿದೆ ಅಳೆಯುತ್ತಿರುವುದು ದೋಷವನ್ನೋ, ದಾರಿದ್ರ್ಯವನ್ನೋ? 1997ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನಿಯಮವನ್ನು ಎತ್ತಿಹಿಡಿಯಿತು. ಕೈದಿಗಳಿಗೆ ಮತದಾನದ ವ್ಯವಸ್ಥೆ ಮಾಡಲು ಹೆಚ್ಚಿನ ಪೊಲೀಸರು ಬೇಕಾಗುತ್ತಾರೆ, ಅಪರಾಧದ ಹಿನ್ನೆಲೆಯವರನ್ನು ಚುನಾವಣೆಯಿಂದ ದೂರವಿಡಬೇಕು ಎಂಬವು ಅಲ್ಲಿ ಪರಿಗಣಿತವಾದ ಕಾರಣಗಳು. ಆದರೆ 2013ರ ತಿದ್ದುಪಡಿಯ ಬಳಿಕ ಸೆರೆಯಲ್ಲಿರುವ ವಿಚಾರಣಾಧೀನನು ಅಭ್ಯರ್ಥಿಯಾಗಿ ನಿಲ್ಲಬಹುದು. ತನಗೆ ತಾನೇ ಮತ ಹಾಕಿಕೊಳ್ಳಲಾರನು, ಅಷ್ಟೆ!

ದಂಡನೆಯ ವಿಚಾರದಲ್ಲಿ ನಮ್ಮ ಆಚಾರ್ಯರು ಬಹು ಸೂಕ್ಷ್ಮವಾಗಿ ಯೋಚಿಸಿದ್ದಾರೆ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಪ್ರಾಯಶ್ಚಿತ್ತದ ಒಂಬತ್ತು ಭೇದಗಳನ್ನು ಹೇಳುತ್ತದೆ. ಮೊದಲನೆಯದು ಆಲೋಚನೆ, ಅಂದರೆ ಗುರುವಿನ ಮುಂದೆ ದೋಷವನ್ನು ನಿವೇದಿಸುವುದು. ದೋಷ ಯಾವುದೆಂದು ತಿಳಿಯದೆ ದಂಡವಿಲ್ಲ. ಎಂಟನೆಯದಾದ ಪರಿಹಾರದಲ್ಲಿ ಮುನಿಯನ್ನು ಸಂಘದಿಂದ ದೂರವಿಡುವುದುಂಟು. ಆದರೆ ಪಕ್ಷ, ಮಾಸ ಮೊದಲಾದ ಕಾಲಮಿತಿಯೊಳಗೆ. ಕೊನೆಯದು ಉಪಸ್ಥಾಪನೆ, ಪುನಃ ದೀಕ್ಷೆ. ಅತ್ಯಂತ ಘೋರ ದೋಷದ ಕೊನೆಯಲ್ಲಿಯೂ ಮರಳಿ ಬರುವ ಬಾಗಿಲೊಂದು ತೆರೆದಿದೆ. ಸಮ್ಯಕ್ತ್ವದ ನಿಃಶಂಕಿತ ಅಂಗಕ್ಕೆ ಅಂಜನಚೋರನೆಂಬ ಕಳ್ಳನನ್ನೇ ನಿದರ್ಶನವಾಗಿ ಆರಿಸಿದ ಪರಂಪರೆ ನಮ್ಮದು.

ಮುನಿಸಂಘದ ಪ್ರಾಯಶ್ಚಿತ್ತವೇ ಬೇರೆ, ರಾಜದಂಡವೇ ಬೇರೆ ಎಂದು ಪ್ರಾಜ್ಞರು ಆಕ್ಷೇಪಿಸಬಹುದು. ನಿಜವೇ. ಆದರೂ ನಮ್ಮ ಕಾಯಿದೆಯಲ್ಲಿಯೇ ದೋಷಕ್ಕೆ ತಕ್ಕ ದಂಡದ ಮಾದರಿ ಇದೆ: ಚುನಾವಣೆಯಲ್ಲಿ ಲಂಚ ಕೊಟ್ಟ ಅಪರಾಧ ಸಿದ್ಧವಾದವನು ಆರು ವರ್ಷ ಮತದಾನಕ್ಕೆ ಅನರ್ಹನು. ಮತವನ್ನು ಕೆಡಿಸಿದವನಿಗೆ ಮತವಿಲ್ಲ, ಅದೂ ವಿಚಾರಣೆಯ ನಂತರ, ನಿಶ್ಚಿತ ಅವಧಿಗೆ. ಇದನ್ನು ನಾನು ಮನಃಪೂರ್ವಕವಾಗಿ ಒಪ್ಪುತ್ತೇನೆ. ಕೊಲೆ, ದರೋಡೆಗಳಿಗಾಗಿ ಶಿಕ್ಷೆ ಅನುಭವಿಸುತ್ತಿರುವವರ ವಿಷಯದಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿದೆ. ಬಿಡುಗಡೆಯಾದೊಡನೆ ಹಕ್ಕು ಮರಳುವುದೆಂಬುದು ನನಗೆ ಸಮಾಧಾನ.

ವಿಚಾರಣಾಧೀನರ ವಿಷಯದಲ್ಲಿ ಮಾತ್ರ ನನಗೆ ಸಂದೇಹವಿಲ್ಲ. ವ್ಯವಸ್ಥೆ ಕಷ್ಟವೆಂಬ ವಾದವೂ ನಿಲ್ಲುವುದಿಲ್ಲ. ಮುನ್ನೆಚ್ಚರಿಕೆಯ ಬಂಧನದಲ್ಲಿರುವವರು ಸೆರೆಮನೆಯಿಂದಲೇ ಅಂಚೆಯ ಮೂಲಕ ಮತ ಕಳುಹಿಸಲು ಇಂದಿಗೂ ಅವಕಾಶವಿದೆ. ಅದೇ ಅಂಚೆಯ ಮತಪತ್ರವನ್ನು ಪಕ್ಕದ ಕೋಣೆಯಲ್ಲಿರುವ ವಿಚಾರಣಾಧೀನನಿಗೂ ಕೊಡಲು ಸಂಸತ್ತು 62(5)ನೆಯ ಪ್ರಕರಣವನ್ನು ತಿದ್ದಿದರೆ ಸಾಕು.